ಅಟ್ಟಾರ ಕಚೇರಿ: ಮೂಲವಾಕ್ಯ ಮತ್ತು ಟೀಕೆ

ಮೂಲ: ಕಬ್ಬನ್ ವನದ ಅಂಚಿನಲ್ಲಿ, ಬೌರಿಂಗರ ಆಳಿಕೆಯಲ್ಲಿ, ಸ್ಯಾಂಕಿಯವರ ರೇಖೆಯಿಂದಲೂ ಮುದಲಿಯಾರರ ಕಟ್ಟೋಣದಿಂದಲೂ ಎದ್ದ, ಯವನಸ್ತಂಭಗಳ, ಮುಕ್ಕೋನ ಮುಡಿಯ, ಕೈಸಾಲೆಯುಳ್ಳ ಎರಡು ನೆಲೆಯ, ಕೆಂಪು ಮೈಯ ಅಟ್ಟಾರ ಕಚೇರಿ ಇಂದು ನ್ಯಾಯಸ್ಥಾನವಾಗಿ ನಿಂತಿದೆ.

ಬೆಂಗಳೂರಿನ ವಿಧಾನಸೌಧಕ್ಕೆ ಇದಿರಾಗಿ, ರಸ್ತೆಯ ಆಚೆಗೆ ಕಾಣುವ ಕೆಂಪು ಕಟ್ಟಡವೇ ಈ ವಾಕ್ಯದ ವಿಷಯ. ವಾಕ್ಯವನ್ನು ಟೀಕೆಯ ಸಲುವಾಗಿ ಹೊಸೆದದ್ದು. ಅದರ ಒಂದೊಂದು ಪದವೂ ಕಟ್ಟಡದ ಒಂದೊಂದು ಅಂಗವನ್ನೋ ಅದರ ಚರಿತ್ರೆಯ ಒಂದೊಂದು ಮಜಲನ್ನೋ ಸೂಚಿಸುತ್ತದೆ. ಪದಗಳು ನಿಂತ ಸಾಲಿನಲ್ಲಿಯೇ ಸಾಗದೆ, ಟೀಕಾಕಾರರ ರೂಢಿಯಂತೆ ಕರ್ತೃಪದವನ್ನು ಮೊದಲು ಹಿಡಿದು, ವಿಶೇಷಣಗಳನ್ನು ಅದಕ್ಕೆ ಅನ್ವಯಿಸುತ್ತ, ಕೊನೆಗೆ ಕ್ರಿಯಾಪದಕ್ಕೆ ಬರುವುದು ಇಲ್ಲಿಯ ಕ್ರಮ.

“ಅಟ್ಟಾರ ಕಚೇರಿ” ಎಂಬುದು ಕರ್ತೃಪದ. ಅಟ್ಟಾರ ಎಂದರೆ ಹಿಂದೂಸ್ತಾನಿಯ ‘ಅಠಾರಾ’, ಅರ್ಥಾತ್ ಹದಿನೆಂಟು. ಮಾಳಿಗೆ ಎಂಬರ್ಥದ ಕನ್ನಡದ ‘ಅಟ್ಟ’ಕ್ಕೂ ಇದಕ್ಕೂ ನಂಟಿಲ್ಲ, ಎರಡು ನೆಲೆಯ ಕಟ್ಟಡವಾದ್ದರಿಂದ ಹಾಗೆ ಶಂಕಿಸುವವರು ಇರಬಹುದು, ಆ ಶಂಕೆ ಬೇಡ. ಸಾಮಾನ್ಯ ಆಡಳಿತಕ್ಕೂ ಕಂದಾಯಕ್ಕೂ ಸೇರಿದ ಹದಿನೆಂಟು ಇಲಾಖೆಗಳು ಒಂದೇ ಸೂರಿನ ಕೆಳಗೆ ಸೇರಿದ್ದರಿಂದ ಕಟ್ಟಡಕ್ಕೆ ಈ ಹೆಸರು. ಆದರೆ ಹದಿನೆಂಟೆಂಬ ಎಣಿಕೆ ಈ ಗೋಡೆಗಳಿಗಿಂತ ಬಹಳ ಹಳೆಯದು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಔರಂಗಜೇಬನ ಬಳಿಗೆ ರಾಯಭಾರಿಗಳನ್ನು ಕಳುಹಿಸಿ, ಅವರು ಹಿಂದಿರುಗಿದ ಮೇಲೆ ಮೊಗಲರ ಮಾದರಿಯನ್ನನುಸರಿಸಿ ರಾಜ್ಯದ ಕೆಲಸಗಳನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂದು ಪರಂಪರೆಯ ಹೇಳಿಕೆ. ವಿಲ್ಕ್ಸರ ಮೈಸೂರು ಚರಿತ್ರೆಯಲ್ಲಿಯೂ ಇದು ದಾಖಲಾಗಿದೆ. ಆಳುವವರು ಹಲವು ಸಲ ಬದಲಾದರೂ ಎಣಿಕೆಯ ಹೆಸರು ಜನರ ಬಾಯಲ್ಲಿ ಉಳಿಯಿತು. ಸರ್ಕಾರಿ ಕಾಗದಗಳಲ್ಲಿ ಈ ಕಟ್ಟಡ ‘ಪಬ್ಲಿಕ್ ಆಫೀಸಸ್’. ಆ ಹೆಸರು ಕಾಗದದಾಚೆಗೆ ಹೆಚ್ಚು ದೂರ ಹೋಗಲಿಲ್ಲ. ಗ್ರೀಕರ ಮುಖ ಹೊತ್ತ ಕಟ್ಟಡವನ್ನು ಊರಿನವರು ಮೊಗಲರ ಎಣಿಕೆಯಿಂದ ಕರೆದರು. ಹೆಸರು ಒಂದು ಕಾಲದ್ದು, ಮೈ ಇನ್ನೊಂದು ಕಾಲದ್ದು ಎಂಬ ಈ ಭೇದವನ್ನು ಮುಂದಿನ ಎಲ್ಲ ಪದಗಳಲ್ಲಿಯೂ ನೆನಪಿಡತಕ್ಕದ್ದು.

“ಬೌರಿಂಗರ ಆಳಿಕೆಯಲ್ಲಿ” ಎಂಬುದು ಕಾಲಸೂಚಕ. ಲೂಯಿನ್ ಬೆಂಥಮ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರು. ಕಮಿಷನರು ಎಂದರೆ ಅರಸರ ಹೆಸರಿನಲ್ಲಿ, ಆದರೆ ಅರಸರ ಕೈಯಿಂದ ಅಧಿಕಾರವನ್ನು ತೆಗೆದುಕೊಂಡು, ರಾಜ್ಯವನ್ನು ನಡೆಸಿದ ಇಂಗ್ಲಿಷ್ ಅಧಿಕಾರಿ. ನಗರ ಸೀಮೆಯ ರೈತರ ದಂಗೆಯನ್ನು ನೆಪವಾಗಿಸಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡರು. ಆಳಿಕೆಯ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂತು. ಬಂದ ಆಡಳಿತಕ್ಕೆ ಸ್ವಂತದ ಕಟ್ಟಡವಿರಲಿಲ್ಲ. ಕೋಟೆಯೊಳಗೆ ಹೈದರಾಲಿ ತೊಡಗಿಸಿ ಟಿಪ್ಪು 1791ರಲ್ಲಿ ಮುಗಿಸಿದ್ದ ಅರಮನೆಯಲ್ಲಿ, ತೇಗದ ಕಂಬಗಳ ನಡುವೆ, ಕಡತಗಳನ್ನು ಹರಡಿಕೊಂಡು ಗುಮಾಸ್ತರು ಕುಳಿತರು. ಸೋತ ಸುಲ್ತಾನನ ಮನೆಯಲ್ಲಿ ಗೆದ್ದವರ ಕಚೇರಿ 1868ರವರೆಗೂ ನಡೆಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಇದನ್ನು ಬದಲಿಸಲಿಲ್ಲ. ಹಳೆಯ ಪದ್ಧತಿಗಳನ್ನು ಆದಷ್ಟು ಹಾಗೆಯೇ ಇಟ್ಟುಕೊಂಡು ಆಳಿದವರು ಅವರು. ಬೌರಿಂಗರು ಹಾಗಲ್ಲ. ಕಬ್ಬನ್ನರ ಕಾಲದ ನಾಲ್ಕು ವಿಭಾಗಗಳನ್ನು ಒಡೆದು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳನ್ನೂ ಅವುಗಳೊಳಗೆ ಎಂಟು ಜಿಲ್ಲೆಗಳನ್ನೂ ಮಾಡಿದರು. ಜಿಲ್ಲೆ ಹೆಚ್ಚಿದರೆ ಪತ್ರ ಹೆಚ್ಚು, ಪತ್ರ ಹೆಚ್ಚಿದರೆ ಅದನ್ನು ಓದುವವರು ಹೆಚ್ಚು, ಓದುವವರಿಗೆ ಕೂರಲು ಕೋಣೆ ಬೇಕು. 1864ರಲ್ಲಿ ಕೆಲಸ ತೊಡಗಿತು. ಮದರಾಸಿನ ಕಡೆಯಿಂದ ರೈಲು ಬೆಂಗಳೂರಿನ ಕಂಟೋನ್ಮೆಂಟಿಗೆ ಬಂದು ಸೇರಿದ್ದೂ ಅದೇ ವರ್ಷ.

ಇಲ್ಲಿ ಒಂದು ಸಂಗತಿಯನ್ನು ತಡೆದು ನೋಡಬೇಕು. ನವಶಾಸ್ತ್ರೀಯ ಶೈಲಿ, ಎಂದರೆ ಪುರಾತನ ಗ್ರೀಸ್ ರೋಮುಗಳ ವಾಸ್ತುವನ್ನು ಹದಿನೆಂಟನೆಯ ಶತಮಾನದಲ್ಲಿ ಯೂರೋಪು ಮತ್ತೆ ಎತ್ತಿಕೊಂಡು ಬೆಳೆಸಿದ ರೀತಿ, ತಾನು ಚಿರಕಾಲ ನಿಲ್ಲುವ ಆಳಿಕೆಯ ಗುರುತೆಂದು ಹೇಳಿಕೊಳ್ಳುತ್ತದೆ. ಆದರೆ ಈ ಕಟ್ಟಡವನ್ನು ಕಟ್ಟಿಸಿದ ಬ್ರಿಟಿಷರ ಹಕ್ಕು ಚಿರವಾಗಿರಲಿಲ್ಲ. ಗೋಡೆಗಳು ಏಳುತ್ತಿದ್ದಾಗಲೇ, 1867ರಲ್ಲಿ, ಮೈಸೂರನ್ನು ಒಡೆಯರ ದತ್ತುಪುತ್ರನಿಗೆ ಹಿಂದಿರುಗಿಸುವುದೆಂದು ಲಂಡನ್ನಿನಲ್ಲಿ ತೀರ್ಮಾನವಾಯಿತು. ರಾಜ್ಯ ಮರಳಿ ಬರಲೆಂದು ದಶಕಗಳ ಕಾಲ ಅಹವಾಲು ಬರೆದ ಮುಮ್ಮಡಿಯವರು 1868ರ ಮಾರ್ಚಿನಲ್ಲಿ ತೀರಿಕೊಂಡರು. ಕಟ್ಟಡ ಮುಗಿದದ್ದೂ 1868ರಲ್ಲಿಯೇ. ಹದಿಮೂರು ವರ್ಷದ ಮೇಲೆ, 1881ರಲ್ಲಿ, ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕಾಲಕ್ಕೆ ಅಧಿಕಾರ ಹಸ್ತಾಂತರವಾದಾಗ ಕಚೇರಿಯೂ ಜೊತೆಗೆ ಕೈಬದಲಾಯಿತು. ಆಮೇಲೆ ಇಲ್ಲಿಂದ ರಾಜ್ಯವನ್ನು ನಡೆಸಿದವರು ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಮೊದಲಾದ ದಿವಾನರು. ಆದುದರಿಂದ “ಬೌರಿಂಗರ ಆಳಿಕೆಯಲ್ಲಿ” ಎಂಬ ಪದ ಕಟ್ಟಿದ ಕಾಲವನ್ನಷ್ಟೆ ಹೇಳುತ್ತದೆ. ಆಡಳಿತದ ಕಚೇರಿಯಾಗಿ ಬಾಳಿದ ಕಾಲದ ಬಹುಪಾಲು ದಿವಾನರದು.

“ಕಬ್ಬನ್ ವನದ ಅಂಚಿನಲ್ಲಿ” ಎಂಬಲ್ಲಿ ಮೂಲವಾಕ್ಯ ಕಾಲವನ್ನು ಹಿಂದುಮುಂದಾಗಿಸಿದೆ. ವನ ಹುಟ್ಟಿದ್ದು 1870ರಲ್ಲಿ, ಕಚೇರಿಯಾದ ಎರಡು ವರ್ಷಕ್ಕೆ. ಮೊದಲು ಅದಕ್ಕಿದ್ದ ಹೆಸರು ಮೀಡ್ಸ್ ಪಾರ್ಕ್, ಆಗ ಹಂಗಾಮಿ ಕಮಿಷನರಾಗಿದ್ದ ಜಾನ್ ಮೀಡರ ನೆನಪಿಗೆ. 1927ರಿಂದ ಸರ್ಕಾರಿ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಆದುದರಿಂದ ವನದ ಅಂಚಿಗೆ ಕಚೇರಿ ಬಂತೆನ್ನುವುದಕ್ಕಿಂತ ಕಚೇರಿಯ ಮಗ್ಗುಲಿಗೆ ವನ ಬಂತೆನ್ನುವುದು ಸರಿ. ಹಾಗಾದರೆ ಈ ನೆಲವನ್ನೇ ಆಯ್ದದ್ದೇಕೆ? ಆ ಕಾಲದ ಬೆಂಗಳೂರು ಒಂದೂರಲ್ಲ, ಎರಡು. ಪಶ್ಚಿಮಕ್ಕೆ ಕೋಟೆಯೂ ಪೇಟೆಯೂ. ಪೂರ್ವಕ್ಕೆ ದಂಡು, ಎಂದರೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನೆಯನ್ನು ತಂದಿಳಿಸಿ ಬೆಳೆಸಿದ ಕಂಟೋನ್ಮೆಂಟು. ಎರಡರ ನಡುವೆ ಬಯಲು. ಕಬ್ಬನ್ನರು 1840ರ ಹೊತ್ತಿಗೆ ಕಟ್ಟಿಸಿದ ನಿವಾಸ, ಇಂದಿನ ರಾಜಭವನ, ಇಲ್ಲಿಗೆ ಸಮೀಪ. ಕೋಟೆಯೊಳಗಿಂದ ಕಚೇರಿಯನ್ನು ಹೊರತಂದು ಈ ನಡುಬಯಲಿನಲ್ಲಿಟ್ಟದ್ದರಿಂದ ಅಧಿಕಾರ ಪೇಟೆಯಿಂದ ದೂರವಾಯಿತು, ದಂಡಿಗೆ ಹತ್ತಿರವಾಯಿತು. ಅರ್ಜಿ ಹಿಡಿದು ಬರುವವನು ಬಯಲನ್ನು ದಾಟಿ, ದೂರದಿಂದಲೇ ಕಂಬಗಳ ಸಾಲನ್ನು ಕಾಣುತ್ತ, ನಡೆದು ಬರಬೇಕಾಯಿತು. ಗ್ರೀಕ್ ಗುಡಿಯ ಮುಖವನ್ನು ಧರಿಸುವ ಕಟ್ಟಡಕ್ಕೆ ಇಂಥ ದೂರದ ನೋಟ ಅವಶ್ಯ; ಪೇಟೆಯ ಇಕ್ಕಟ್ಟಿನಲ್ಲಿ ಅದು ತೋರದು.

“ಸ್ಯಾಂಕಿಯವರ ರೇಖೆಯಿಂದ.” ರೇಖೆ ಎಂದರೆ ನಕ್ಷೆ. ರಿಚರ್ಡ್ ಹಿರಾಮ್ ಸ್ಯಾಂಕಿ ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರು; ಮಲ್ಲೇಶ್ವರದ ಬಳಿಯ ಕೆರೆ ಇಂದಿಗೂ ಅವರ ಹೆಸರಿನಲ್ಲಿದೆ, ಕಬ್ಬನ್ ವನವೂ ಅವರ ಕಾಲದ ಕೆಲಸ. ಅವರು ಓದಿದ್ದು ಕಂಪನಿಯ ಸೈನಿಕ ಶಾಲೆಯಾದ ಅಡಿಸ್ಕೂಂಬಿನಲ್ಲಿ, ಸೇರಿದ್ದು ಮದರಾಸ್ ಇಂಜಿನಿಯರುಗಳ ದಳಕ್ಕೆ. ಎಂದರೆ ವೃತ್ತಿಯಿಂದ ಅವರು ವಾಸ್ತುಶಿಲ್ಪಿಯಲ್ಲ, ಸೇನೆಯ ಇಂಜಿನಿಯರು. ಭಾರತದಲ್ಲಿ ಕಂಪನಿಯ ದೊಡ್ಡ ಕಟ್ಟಡಗಳು ಹೆಚ್ಚಾಗಿ ಇಂಥವರ ಕೈಯಿಂದಲೇ ಎದ್ದವು. ಕಲ್ಕತ್ತೆಯ ಗವರ್ನಮೆಂಟ್ ಹೌಸನ್ನು, 1799ರಿಂದ 1803ರವರೆಗೆ, ಇಂಗ್ಲೆಂಡಿನ ಕೆಡಲ್‌ಸ್ಟನ್ ಮಹಲಿನ ಮಾದರಿಯಲ್ಲಿ ಕಟ್ಟಿದ ಚಾರ್ಲ್ಸ್ ವ್ಯಾಟ್ ಇಂಜಿನಿಯರು. ಮದರಾಸಿನ ಬ್ಯಾಂಕ್ವೆಟಿಂಗ್ ಹಾಲನ್ನು ಕಟ್ಟಿದ ಜಾನ್ ಗೋಲ್ಡಿಂಗ್‌ಹ್ಯಾಮ್ ಖಗೋಳಶಾಸ್ತ್ರಜ್ಞ. ಗ್ರೀಸನ್ನು ಕಣ್ಣಾರೆ ಕಾಣದವರಿಗೂ ಅದರ ಅಳತೆಗಳು ಪುಸ್ತಕದಲ್ಲಿ ದೊರೆಯುತ್ತಿದ್ದವು. ಸ್ಟುವರ್ಟ್ ಮತ್ತು ರೆವೆಟ್ ಎಂಬಿಬ್ಬರು ಅಥೆನ್ಸಿಗೆ ಹೋಗಿ ಅಲ್ಲಿಯ ಗುಡಿಗಳನ್ನು ಅಳೆದು ತಂದ ಪುಸ್ತಕದ ಮೊದಲ ಸಂಪುಟ 1762ರಲ್ಲಿ ಹೊರಬಂದ ಮೇಲೆ, ಕಂಬದ ಎತ್ತರ, ದಪ್ಪ, ಅಂತರ ಎಲ್ಲವೂ ಕೋಷ್ಟಕಗಳಾದವು. ಕೋಷ್ಟಕವನ್ನು ಓದಬಲ್ಲ ಇಂಜಿನಿಯರಿಗೆ ಕಟ್ಟಡ ಒಲಿಯುತ್ತಿತ್ತು. ಸ್ಯಾಂಕಿಯವರ ಈ ಕೆಲಸದಲ್ಲಿ ಹೊಸ ಕಲ್ಪನೆ ಕಡಿಮೆ, ಪ್ರಮಾಣಜ್ಞಾನ ಹೆಚ್ಚು ಎಂದರೆ ಅದು ದೂಷಣೆಯಲ್ಲ. ಈ ಶೈಲಿ ಬೇಡುವ ಗುಣವೇ ಅದು.

ಆದರೆ 1864ರ ಹೊತ್ತಿಗೆ ಈ ಶೈಲಿ ಹೊಸದೇನೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಚೂಪು ಕಮಾನುಗಳ ಗಾಥಿಕ್ ಶೈಲಿ ಅದನ್ನು ಹಿಂದಿಕ್ಕುತ್ತಿತ್ತು. ಲಂಡನ್ನಿನ ಫಾರಿನ್ ಆಫೀಸಿಗೆ ಗಿಲ್ಬರ್ಟ್ ಸ್ಕಾಟ್ ಗಾಥಿಕ್ ನಕ್ಷೆಯನ್ನೇ ಕೊಟ್ಟರು. ಪ್ರಧಾನಿ ಪಾಮರ್‌ಸ್ಟನ್ ಒಪ್ಪದೆ ಹಟ ಹಿಡಿದು ಶಾಸ್ತ್ರೀಯ ರೀತಿಯಲ್ಲಿ ಬರೆಸಿದರು. ಆ ಕಟ್ಟಡವೂ ಮುಗಿದದ್ದು 1868ರಲ್ಲಿ. ಎರಡು ಊರಿನ ಎರಡು ಕಚೇರಿಗಳು ಒಂದೇ ವರ್ಷ, ಹಿಂದೆ ಸರಿಯುತ್ತಿದ್ದ ಒಂದೇ ಶೈಲಿಯಲ್ಲಿ ಪೂರ್ಣವಾದವು. ಮುಂಬಯಿ ಅಷ್ಟರಲ್ಲಿ ಗಾಥಿಕ್ಕಿನ ಕಡೆಗೆ ತಿರುಗಿತ್ತು. ಮದರಾಸು ಮುಂದೆ ಗುಮ್ಮಟ ಮಿನಾರುಗಳ ಇಂಡೋ-ಸಾರ್ಸೆನಿಕ್ ಹಿಡಿಯಿತು. ಬೆಂಗಳೂರು ಮಾತ್ರ ಕಂಬಸಾಲಿಗೆ ಅಂಟಿಕೊಂಡಿತು. 1877ರ ವಸ್ತುಸಂಗ್ರಹಾಲಯ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಎರಡೂ ಅಟ್ಟಾರ ಕಚೇರಿಯ ಮಾತನ್ನೇ ಆಡುತ್ತವೆ. ಈ ಊರಿಗೆ ಒಂದು ವಾಸ್ತುವಿನ ನುಡಿಗಟ್ಟನ್ನು ಕೊಟ್ಟದ್ದು ಈ ಕಟ್ಟಡವೆಂದು ಇದರಿಂದ ಸಿದ್ಧವಾಗುತ್ತದೆ.

“ಮುದಲಿಯಾರರ ಕಟ್ಟೋಣದಿಂದ.” ಕಟ್ಟೋಣ ಎಂದರೆ ಕಟ್ಟುವ ಕಾರ್ಯ. ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಬಡತನದಿಂದ ಮೇಲೆ ಬಂದು ದಂಡಿನ ದೊಡ್ಡ ವರ್ತಕರಾದವರು. ನಕ್ಷೆ ಬರೆದವರ ಹೆಸರು ಸದಾ ಮೊದಲು ಬರುತ್ತದೆ, ಕಟ್ಟಿದವರ ಹೆಸರು ಬರುವುದೇ ಅಪರೂಪ. ಇಲ್ಲಿ ಅದು ಉಳಿದಿರುವುದಕ್ಕೆ ಕಾರಣ ಅವರ ದಾನ. 1873ರಲ್ಲಿ ಅವರು ತೊಡಗಿಸಿದ ಶಾಲೆ, ಮುಂದೆ ಆರ್.ಬಿ.ಎ.ಎನ್.ಎಂ. ಎಂಬ ಹೆಸರಿನ ವಿದ್ಯಾಸಂಸ್ಥೆಗಳಾಗಿ ಬೆಳೆದು ಇಂದಿಗೂ ನಡೆಯುತ್ತಿದೆ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಅವರು ಶಾಲೆ ತೆರೆದರು. ಅವರ ಕೈಕೆಳಗೆ ಕಲ್ಲು ಕಡಿದವರು, ಇಟ್ಟಿಗೆ ಇಟ್ಟವರು, ಸುಣ್ಣ ಅರೆದು ಗಾರೆ ಹಿಡಿದವರು ಯಾರೆಂಬುದಕ್ಕೆ ಮೂಲವಾಕ್ಯದಲ್ಲಿ ಪದವಿಲ್ಲ. ‘ಕಟ್ಟೋಣ’ದೊಳಗೇ ಅವರೆಲ್ಲರನ್ನೂ ಅಧ್ಯಾಹಾರ ಮಾಡಿಕೊಳ್ಳಬೇಕು, ಎಂದರೆ ಹೇಳದೆಯೇ ಸೇರಿಸಿ ಓದಿಕೊಳ್ಳಬೇಕು.

“ಯವನಸ್ತಂಭಗಳ” ಎಂಬುದು ವಾಕ್ಯದ ಹೃದಯ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕಟ್ಟಡದ ನಡುವಿನಲ್ಲಿಯೂ ಎರಡು ತುದಿಗಳಲ್ಲಿಯೂ ಮೊಗಸಾಲೆಗಳು ಮುಂಚಾಚಿಕೊಂಡಿವೆ. ಮೊಗಸಾಲೆ ಎಂದರೆ ಬಾಗಿಲಿನ ಮುಂದೆ ಕಂಬಗಳ ಮೇಲೆ ನಿಂತ ಚಾವಡಿ. ಅವುಗಳ ಕಂಬಗಳು ಅಯೋನಿಕ್ ಜಾತಿಯವು. ಅಯೋನಿಯ ಎಂಬುದು ಏಷ್ಯಾಮೈನರಿನ ಕಡಲಂಚಿನ ಗ್ರೀಕರ ನಾಡು. ನಮ್ಮ ಹಳೆಯ ಗ್ರಂಥಗಳ ‘ಯವನ’ರು ಮೊದಲಿಗೆ ಇವರೇ. ಆ ನಾಡಿನ ಎಫೆಸಸ್ಸಿನಲ್ಲಿ ಆರ್ತೆಮಿಸ್ ದೇವಿಯ ಮಹಾಗುಡಿ ಈ ಜಾತಿಯ ಕಂಬಗಳ ಮೇಲೆ ನಿಂತಿತ್ತು. ಅದೇ ಜಾತಿಯ ಕಂಬಗಳ ಅಥೆನ್ಸಿನ ಎರೆಕ್ಥಿಯಮ್ ಗುಡಿ ಇಂದಿಗೂ ನಿಂತಿದೆ.

ಕಂಬದ ಅಂಗಗಳನ್ನು ಕೆಳಗಿನಿಂದ ಓದಬೇಕು. ಮೊದಲು ಪೀಠ, ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿದಂಥದು. ಡೋರಿಕ್ ಎಂಬ ಹಿರಿಯ ಜಾತಿಯ ಗ್ರೀಕ್ ಕಂಬಕ್ಕೆ ಪೀಠವಿಲ್ಲ, ಅದು ನೆಲದಿಂದಲೇ ಏಳುತ್ತದೆ. ಅಯೋನಿಕ್ಕಿಗೆ ಪೀಠ ಕಡ್ಡಾಯ. ಪೀಠದ ಮೇಲೆ ಕಾಂಡ. ಅದು ಮೇಲೆ ಹೋದಂತೆ ತುಸು ಸಣ್ಣದಾಗುತ್ತದೆ, ಆದರೆ ನೇರ ಗೆರೆಯಲ್ಲಲ್ಲ, ಕಂಡೂ ಕಾಣದ ಉಬ್ಬಿನೊಡನೆ. ಉಬ್ಬಿಲ್ಲದಿದ್ದರೆ ಎತ್ತರದ ಕಂಬದ ನಡು ಕೃಶವಾದಂತೆ ಕಣ್ಣಿಗೆ ತೋರೀತೆಂದು ಈ ಉಪಾಯ. ಕಾಂಡದ ಮೇಲೆ ಬೋದಿಗೆ. ಬೋದಿಗೆ ಎಂದರೆ ಕಂಬವೂ ತೊಲೆಯೂ ಸೇರುವಲ್ಲಿ ಭಾರವನ್ನು ಹರಡಿ ಹಿಡಿಯುವ ತಲೆಗಟ್ಟು. ಅಯೋನಿಕ್ಕಿನ ಗುರುತೇ ಈ ಬೋದಿಗೆ: ಎರಡೂ ಮಗ್ಗುಲಿಗೆ ಒಳಮುರಿದು ಸುತ್ತಿಕೊಂಡ ಸುರುಳಿಗಳು. ಅಗಸ್ಟಸ್ ಚಕ್ರವರ್ತಿಗೆ ತನ್ನ ವಾಸ್ತುಗ್ರಂಥವನ್ನು ಅರ್ಪಿಸಿದ ರೋಮಿನ ವಿಟ್ರೂವಿಯಸ್ಸನ ಪ್ರಕಾರ, ಡೋರಿಕ್ ಕಂಬ ಪುರುಷನ ಮೈಯಳತೆಯದು, ಅಯೋನಿಕ್ ಸ್ತ್ರೀಯದು. ಸುರುಳಿಗಳು ಕೆನ್ನೆಯ ಇಕ್ಕೆಲಕ್ಕೆ ಇಳಿದ ಮುಂಗುರುಳು, ಕಾಂಡದ ಉದ್ದಗೆರೆಗಳು ಸೀರೆಯ ನೆರಿಗೆಯಂಥ ಉಡುಪಿನ ಮಡಿಕೆ. ಕಂಬದ ಬುಡದ ಅಡ್ಡಳತೆಯನ್ನು ಒಂದು ಮಾನವೆಂದು ಹಿಡಿದರೆ ಅಯೋನಿಕ್ಕಿನ ಎತ್ತರ ಮೊದಲು ಎಂಟು ಮಾನ, ಆಮೇಲೆ ಒಂಬತ್ತು.

ಅಳತೆಯ ಈ ವಿಚಾರ ಬೆಂಗಳೂರಿಗೆ ಸ್ಯಾಂಕಿಯವರ ಜೊತೆಗೆ ಬಂದದ್ದಲ್ಲ. ಅದಕ್ಕೆ ಮೂವತ್ತು ವರ್ಷ ಹಿಂದೆಯೇ, ಇದೇ ಊರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜ್ ಎಂಬ ವಿದ್ವಾಂಸರು ಮಾನಸಾರವೇ ಮೊದಲಾದ ಶಿಲ್ಪಗ್ರಂಥಗಳನ್ನು ಶೋಧಿಸಿ, ಹಿಂದೂ ವಾಸ್ತುವಿನ ಸ್ತಂಭಜಾತಿಗಳನ್ನು ಗ್ರೀಕ್ ರೋಮನ್ ಜಾತಿಗಳ ಪಕ್ಕದಲ್ಲಿಟ್ಟು ಅಳೆದು, ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದರು. ಅವರು ತೀರಿಕೊಂಡ ಮೇಲೆ, 1834ರಲ್ಲಿ, ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗಾಗಿ ಅದು ಅಚ್ಚಾಯಿತು. ಅಧಿಷ್ಠಾನ, ಪಾದ, ಬೋದಿಗೆ, ಪ್ರಸ್ತರ, ಕಪೋತ ಎಂದು ದಕ್ಷಿಣದ ಸ್ಥಪತಿ ಎಣಿಸುವ ಅಂಗಗಳಿಗೆ ಸರಿಯಾಗಿ ಯವನ ವಾಸ್ತುವಿನಲ್ಲಿಯೂ ಅಂಗಗಳುಂಟು. ಎರಡರಲ್ಲಿಯೂ ಕಂಬದ ಅಡ್ಡಳತೆಯೇ ಮಿಕ್ಕ ಅಳತೆಗಳ ತಾಯಿ. ಬೆಂಗಳೂರಿನ ಒಬ್ಬ ನ್ಯಾಯಾಧೀಶರು ಮೊದಲು ಪುಸ್ತಕದಲ್ಲಿ ಕೂಡಿಸಿದ ಎರಡು ಶಾಸ್ತ್ರಗಳಲ್ಲಿ ಒಂದು ಮುಂದೆ ಬೆಂಗಳೂರಿನ ನ್ಯಾಯಸ್ಥಾನದ ಮುಖವಾಯಿತು. ಇದು ಕೇವಲ ಕಾಕತಾಳೀಯ, ಆದರೂ ಹೇಳದೆ ಬಿಡುವಂಥದಲ್ಲ.

ಇನ್ನು ಶಂಕೆ: ಮೂರು ಜಾತಿಗಳಿರುವಾಗ ಕಚೇರಿಗೆ ಅಯೋನಿಕ್ಕೇ ಏಕೆ? ವಿಟ್ರೂವಿಯಸ್ ದೇವತೆಗಳಿಗೆ ಕಂಬಗಳನ್ನು ಹಂಚುವ ಕಡೆಯಲ್ಲಿ ಇದಕ್ಕೆ ಸಮಾಧಾನ ದೊರೆಯುತ್ತದೆ. ಯುದ್ಧದ ಮಾರ್ಸನಿಗೂ ಶೂರ ಹರ್ಕ್ಯುಲಿಸನಿಗೂ ಡೋರಿಕ್. ಚೆಲುವೆ ವೀನಸ್ಸಿಗೆ ಎಲೆಗೊಂಚಲ ಬೋದಿಗೆಯ ಕಾರಿಂಥಿಯನ್. ಇವೆರಡರ ನಡುವಣ ಹದದ ಜುನೋ, ಡಯಾನ ಮೊದಲಾದವರಿಗೆ ಅಯೋನಿಕ್. ಕಚೇರಿ ಕೋಟೆಯೂ ಅಲ್ಲ, ಅರಮನೆಯೂ ಅಲ್ಲ. ಕೋಟೆಯ ಬಿರುಸನ್ನು ಬಿಟ್ಟು, ಅರಮನೆಯ ಬೆಡಗನ್ನು ಒಲ್ಲದೆ, ನಡುವಿನ ಸ್ಥಾನದಲ್ಲಿ ನಿಲ್ಲುವ ಆಡಳಿತಕ್ಕೆ ಈ ನಡುಜಾತಿಯ ಕಂಬ ಒಪ್ಪುತ್ತದೆ. ಸ್ಯಾಂಕಿಯವರು ಹೀಗೆಂದೇ ಆಯ್ದರೆಂದು ಹಟ ಹಿಡಿಯಬೇಕಿಲ್ಲ. ಕಟ್ಟಡ ಆ ಅರ್ಥಕ್ಕೆ ಎಡೆಗೊಡುತ್ತದೆ, ಅಷ್ಟು ಸಾಕು.

“ಮುಕ್ಕೋನ ಮುಡಿಯ” ಎಂದರೆ ಮೊಗಸಾಲೆಯ ಕಂಬಗಳ ಮೇಲಣ ತೊಲೆಸಾಲಿನ ಮೇಲೆ ಕೂತ ತ್ರಿಕೋನದ ಹಣೆ. ಗುಡಿಯ ಇಳಿಜಾರು ಮಾಡಿನ ಎರಡು ಮಗ್ಗುಲು ಮುಂದುಗಡೆ ಕೂಡುವಲ್ಲಿ ಈ ಆಕಾರ ತಾನಾಗಿ ಹುಟ್ಟುತ್ತದೆ. ಮರದ ಮಾಡಿನ ತುದಿಯೇ ಕಲ್ಲಿನಲ್ಲಿ ಅಲಂಕಾರವಾಗಿ ಉಳಿಯಿತು. ಗ್ರೀಕರು ಆ ತ್ರಿಕೋನದೊಳಗೆ ದೇವತೆಗಳ ವಿಗ್ರಹಗಳನ್ನು ತುಂಬುತ್ತಿದ್ದರು. ಕೆಳಗೆ ಒಳಗರ್ಭದಲ್ಲಿ ದೇವತೆ, ಮೇಲೆ ಹಣೆಯಲ್ಲಿ ಆ ದೇವತೆಯ ಕಥೆ. ಕಚೇರಿಗೆ ಈ ಮುಡಿಯನ್ನು ತೊಡಿಸಿದಾಗ ಒಳಗೆ ದೇವತೆಯಿಲ್ಲ. ಶಿರಸ್ತೇದಾರರಿದ್ದಾರೆ, ಕಂದಾಯದ ಲೆಕ್ಕವಿದೆ. ದೇವರಿಗೆ ಸಲ್ಲುವ ಗೌರವವನ್ನು ಕಾನೂನಿಗೆ ಸಲ್ಲಿಸಿರೆಂದು ಬಾಯಿಬಿಟ್ಟು ಹೇಳದೆ ಹೇಳುವ ಉಪಾಯ ಈ ಮುಡಿ. ಇದಿರಿಗಿರುವ ವಿಧಾನಸೌಧ ಅದೇ ಮಾತನ್ನು ಅಕ್ಷರಗಳಲ್ಲಿ ಕೆತ್ತಿಸಿಕೊಂಡಿತು: “ಸರ್ಕಾರದ ಕೆಲಸ ದೇವರ ಕೆಲಸ.” ಒಂದು ಕಟ್ಟಡ ಆಕಾರದಿಂದ ಸೂಚಿಸಿದ್ದನ್ನು ಮತ್ತೊಂದು ವಾಚ್ಯ ಮಾಡಿತು.

“ಕೈಸಾಲೆಯುಳ್ಳ ಎರಡು ನೆಲೆಯ.” ನೆಲೆ ಎಂದರೆ ಅಂತಸ್ತು, ಕೈಸಾಲೆ ಎಂದರೆ ಕೋಣೆಗಳ ಮಗ್ಗುಲಿಗೆ ಉದ್ದಕ್ಕೂ ಸಾಗುವ, ಹೊರಬದಿ ತೆರೆದ ಪಡಸಾಲೆ, ಬಳಕೆಯ ಮಾತಿನಲ್ಲಿ ವರಾಂಡ. ಮೊಗಸಾಲೆಗಳು ಗ್ರೀಸಿನಿಂದ ಬಂದರೂ ಕಟ್ಟಡದ ಉದ್ದವನ್ನು ತುಂಬುವ ಈ ಭಾಗ ಇಲ್ಲಿಯ ಬಿಸಿಲು ಮಳೆಗಳಿಂದ ಹುಟ್ಟಿದ್ದು. ಕೈಸಾಲೆಯಿಂದ ಕೋಣೆಯ ಗೋಡೆಗೆ ನೇರ ಬಿಸಿಲು ತಾಗದು, ಮಳೆಯಲ್ಲಿಯೂ ಕಿಟಕಿ ತೆರೆದಿರಬಹುದು, ಒಂದು ಇಲಾಖೆಯಿಂದ ಮತ್ತೊಂದಕ್ಕೆ ಕಡತ ಹೊತ್ತ ಜವಾನ ನೆನೆಯದೆ ಹೋಗಬಹುದು. ಹದಿನೆಂಟು ಇಲಾಖೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಒಂದೊಂದಕ್ಕೂ ಬೇರೆ ಬಾಗಿಲು, ಎಲ್ಲಕ್ಕೂ ಒಂದೇ ದಾರಿ ಎಂಬ ವ್ಯವಸ್ಥೆ ಕೈಸಾಲೆಯಿಲ್ಲದೆ ಆಗದು. ಕಟ್ಟಡದ ಚೆಲುವು ಮೊಗಸಾಲೆಯಲ್ಲಿದ್ದರೆ ಬುದ್ಧಿ ಕೈಸಾಲೆಯಲ್ಲಿದೆ. ಅರ್ಜಿದಾರನು ಕಾದು ಕುಳಿತದ್ದೂ, ಇಂದು ಕಕ್ಷಿದಾರನು ಕಾದು ನಿಲ್ಲುವುದೂ ಇಲ್ಲಿಯೇ.

“ಕೆಂಪು ಮೈಯ.” ಕಲ್ಲು ಇಟ್ಟಿಗೆಗಳಿಂದ ಎದ್ದ ಗೋಡೆಗೆ ಬಳಿದ ಬಣ್ಣವಿದು, ಕಲ್ಲಿನ ಸಹಜ ಬಣ್ಣವಲ್ಲ, ಬೆಂಗಳೂರಿನ ಕಲ್ಲು ಬೂದು. ಕಲ್ಕತ್ತೆ ಮದರಾಸುಗಳಲ್ಲಿ ಇದೇ ಶೈಲಿಯ ಕಟ್ಟಡಗಳು ಅಮೃತಶಿಲೆಯನ್ನು ನೆನಪಿಸುವಂತೆ ಬಿಳಿಯ ಗಾರೆಯನ್ನು ಹೊದ್ದವು. ಇಲ್ಲಿ ಕೆಂಪು ಬಂತು, ಬಂದು ನೆಲಸಿತು, ವಸ್ತುಸಂಗ್ರಹಾಲಯಕ್ಕೂ ಶೇಷಾದ್ರಿ ಅಯ್ಯರ್ ಭವನಕ್ಕೂ ಹರಡಿತು. ಮರಗಳ ಹಸಿರಿನ ನಡುವೆ ಅದು ಕಾಣುವ ಪರಿಯನ್ನು ವಿವರಿಸಬೇಕಿಲ್ಲ.

“ಇಂದು” ಎಂಬ ಪದ ಒಂದು ಇಲ್ಲದ ವಸ್ತುವನ್ನೂ ಸೂಚಿಸುತ್ತದೆ. ಕಚೇರಿಯ ಮುಂದೆ ಬಹುಕಾಲ ಮಾರ್ಕ್ ಕಬ್ಬನ್ನರ ಕಂಚಿನ ಅಶ್ವಾರೂಢ ಪ್ರತಿಮೆ ನಿಂತಿತ್ತು. ಅದನ್ನು ಮಾಡಿದ ಶಿಲ್ಪಿ ಕಾರ್ಲೊ ಮರೊಕೆಟ್ಟಿ. ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಕತ್ತಿ ಎತ್ತಿ ನಿಂತ ರಿಚರ್ಡ್ ಅರಸನ ಪ್ರತಿಮೆಯೂ ಅವನದೇ. 1861ರಲ್ಲಿ ಊರಿಗೆ ಮರಳುತ್ತ ಸೂಯೆಜ್‌ನಲ್ಲಿ ತೀರಿಕೊಂಡ ಕಬ್ಬನ್ನರ ಈ ಪ್ರತಿಮೆ 1866ರಲ್ಲಿ ದಂಡಿನ ಪರೇಡ್ ಮೈದಾನದಲ್ಲಿ ಅನಾವರಣಗೊಂಡು, ಆಮೇಲೆ ಇಲ್ಲಿಗೆ ಬಂತು. ಹೊಸ ಕಚೇರಿಯಲ್ಲಿ ಒಂದು ದಿನವೂ ಕೂರದವರು ಅದರ ಕಾವಲಿಗೆ ನಿಂತಂತಾಯಿತು. 2020ರ ಜೂನ್‌ನಲ್ಲಿ ಪ್ರತಿಮೆಯನ್ನು ಕಬ್ಬನ್ ವನದೊಳಕ್ಕೆ ಸಾಗಿಸಿದರು, ಎಂದರೆ ಅವರದೇ ಹೆಸರಿನ ವನಕ್ಕೆ.

“ನ್ಯಾಯಸ್ಥಾನವಾಗಿ” ಎಂದರೆ ಹೈಕೋರ್ಟಾಗಿ. ಮೈಸೂರಿನ ಚೀಫ್ ಕೋರ್ಟ್ 1884ರಲ್ಲಿ ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟೆಂದು ಹೆಸರಾಯಿತು. ಸ್ವಾತಂತ್ರ್ಯದ ಮೇಲೆ ಶಾಸಕರಿಗೂ ಸಚಿವಾಲಯಕ್ಕೂ ಈ ಕಟ್ಟಡ ಸಾಲದಾಗಿ, 1951ರ ಜುಲೈ 13ರಂದು ನೆಹರೂ ಇದರ ಇದಿರಿಗೆ ವಿಧಾನಸೌಧದ ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರು ಅದನ್ನು ದ್ರಾವಿಡ ಶೈಲಿಯ ಕಲ್ಲಿನ ಮಹಾಭವನವಾಗಿ ಬೆಳೆಸಿದರು. 1956ರಲ್ಲಿ ಸಚಿವಾಲಯ ರಸ್ತೆ ದಾಟಿ ಹೋಯಿತು, ಈ ಕಟ್ಟಡ ಹೈಕೋರ್ಟಿನ ಪಾಲಿಗೆ ಉಳಿಯಿತು. ಆ ಭವನವನ್ನು ಅಟ್ಟಾರ ಕಚೇರಿಗೆ ಉತ್ತರವೆಂದು ಓದುವುದು ವಾಡಿಕೆ. ಓದು ಸರಿ, ಆದರೆ ಅರ್ಧ. ವಿಧಾನಸೌಧದ ಮುಂದಣ ಹನ್ನೆರಡು ಕರಿಗಲ್ಲ ಕಂಬಗಳ ಮೊಗಸಾಲೆ, ದೂರದಿಂದ ಏರಿಬರುವ ಮೆಟ್ಟಿಲು, ಇಕ್ಕೆಲದ ಸಮತೆ ಇವೆಲ್ಲ ಇದಿರಿನ ಕಟ್ಟಡದ ವ್ಯಾಕರಣವೇ. ಬದಲಾದದ್ದು ಬೋದಿಗೆ ಮತ್ತು ಮುಡಿ. ಪ್ರತಿವಾದಿ ವಾದಿಯ ನುಡಿಯಲ್ಲಿಯೇ ಉತ್ತರ ಕೊಟ್ಟಿದ್ದಾನೆ.

“ನಿಂತಿದೆ” ಎಂಬ ಕ್ರಿಯಾಪದವನ್ನು ಕೊನೆಗಿಟ್ಟದ್ದು ಸಕಾರಣ, ಏಕೆಂದರೆ ಅದು ನಿಲ್ಲದೆ ಹೋಗುವ ಕಾಲವೊಂದು ಬಂದಿತ್ತು. 1982ರಲ್ಲಿ ಸರ್ಕಾರ ಈ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಲು ಮುಂದಾಯಿತು. ಊರಿನ ನಾಗರಿಕರು ಎದ್ದು ವಿರೋಧಿಸಿದರು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ನ್ಯಾಯಾಲಯದ ಮುಂದೆ ಬಂತು. ಆ ನ್ಯಾಯಾಲಯ ಇದ್ದದ್ದು ಇದೇ ಕಟ್ಟಡದಲ್ಲಿ. ಕೆಡಹಬೇಕೋ ಉಳಿಸಬೇಕೋ ಎಂಬ ವಾದ ಪ್ರತಿವಾದಗಳನ್ನು ಆ ಗೋಡೆಗಳೇ ಕೇಳಿಸಿಕೊಂಡವು. ಕಟ್ಟಡ ಉಳಿಯಿತು. ಬೇಕಾದ ಹೆಚ್ಚಿನ ಕೋಣೆಗಳನ್ನು ಆಮೇಲೆ ಹಿಂಬದಿಯಲ್ಲಿ, ಅದೇ ಕೆಂಪಿನಲ್ಲಿ, ಕಟ್ಟಿಕೊಂಡರು. ಧಾರವಾಡ ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳು ತೆರೆದು 2013ರಲ್ಲಿ ಕಾಯಂ ಪೀಠಗಳಾದವು. ಕರ್ನಾಟಕ ಹೈಕೋರ್ಟಿನ ಪ್ರಧಾನ ಪೀಠ ಇಂದಿಗೂ ಅಟ್ಟಾರ ಕಚೇರಿಯಲ್ಲಿಯೇ ಕೂಡುತ್ತದೆ.